ಅವರು ತೆಗೆದ ಚಿತ್ರ, ನಾವು ಕೊಡುವ ದನಿ

1911ರ ದೆಹಲಿ ದರ್ಬಾರಿನ ಹಳೆಯ ಚಿತ್ರ. ಐದನೇ ಜಾರ್ಜ್ ದೊರೆ ಮಂಟಪದಲ್ಲಿ ಕೂತಿದ್ದಾನೆ. ದೇಶದ ಮಹಾರಾಜರು ಒಬ್ಬೊಬ್ಬರಾಗಿ ಬಂದು ಬಗ್ಗಿ ನಮಸ್ಕಾರ ಮಾಡುತ್ತಿದ್ದಾರೆ. ಅದರ ಮೇಲೆ ಅಪ್ಪಟ ಧಾರವಾಡದ ದನಿ ಕೂರಿಸಿದರೆ ಹೇಗಿರುತ್ತದೆ? "ಸಾವಕಾರ್ರ, ಭಾಳ ಬಗ್ಗಬ್ಯಾಡ್ರಿ, ನಡಾ ಹಿಡದೀತು!" ಇಂಥದೊಂದು ರೀಲ್ಸ್ ಫೋನಿಗೆ ಬಂದರೆ ನಗದವರು ಕಡಿಮೆ. ಹಳೆಯ ಫುಟೇಜ್ ತಗೊಂಡು, ಅದಕ್ಕೆ ನಮ್ಮ ಕಡೆ ಮಾತು ಹಾಕಿ ಗೇಲಿ ಮಾಡುವ ಚಟ ಈಗ ಜೋರಾಗಿದೆ. ಸಿನಿಮಾ ತುಣುಕುಗಳಿಗೆ ಹುಬ್ಬಳ್ಳಿ ಭಾಷೆಯ ಡಬ್ಬಿಂಗ್ ಹಾಕುತ್ತಿದ್ದವರಿಗೆ ಬ್ರಿಟಿಷರ ಕಾಲದ ಫಿಲ್ಮುಗಳೂ ಕೈಗೆ ಸಿಕ್ಕಿವೆ.

ಇದನ್ನು ನೋಡಿ ಹಿರಿಯರು ಕೆಲವರು "ಇತಿಹಾಸ ಅಂದ್ರ ಹುಡುಗಾಟ ಆತು" ಎಂದು ಬೇಸರ ಮಾಡಿಕೊಳ್ಳುತ್ತಾರೆ. ಇನ್ನು ಕೆಲವರು, ಹೀಗಾದರೂ ಹುಡುಗರು ಹಳೆಯದನ್ನು ನೋಡುತ್ತಾರಲ್ಲ ಎಂದು ಸಮಾಧಾನ ಪಡುತ್ತಾರೆ. ನನಗೆ ಎರಡೂ ಅರ್ಧ ಮಾತು ಅನ್ನಿಸುತ್ತದೆ. ಬ್ರಿಟಿಷರ ಆಳ್ವಿಕೆಯನ್ನು ಅರ್ಥ ಮಾಡಿಕೊಳ್ಳಲು ಅವರದೇ ಫಿಲ್ಮನ್ನು ಗೇಲಿ ಮಾಡುವುದು ತುಂಬಾ ಒಳ್ಳೆಯ ದಾರಿ. ಆದರೆ ಎರಡು ವಿಷಯದಲ್ಲಿ ಕೈ ತಪ್ಪಿದರೆ ಅದೇ ದಾರಿ ನಮ್ಮವರಿಗೇ ನೋವು ಮಾಡುತ್ತದೆ. ನಗು ಯಾರ ಮೇಲೆ ಬೀಳುತ್ತದೆ ಎಂಬುದು ಒಂದು. ನಾವು ಹಾಕಿದ ದನಿಯ ಕೆಳಗಿರುವ ಚಿತ್ರ ನಿಜವಾದದ್ದೇ ಎಂಬುದು ಇನ್ನೊಂದು.

ಈ ಫಿಲ್ಮುಗಳು ನಮ್ಮ ಕೈಗೆ ಬಂದು ಹೆಚ್ಚು ವರ್ಷವಾಗಿಲ್ಲ. ಮೊದಲು ಇವು ಬ್ರಿಟನ್ನಿನ ಸಂಗ್ರಹಾಲಯಗಳ ಡಬ್ಬಿಗಳಲ್ಲಿದ್ದವು. ನೋಡಬೇಕೆಂದರೆ ಅಲ್ಲಿಗೇ ಹೋಗಬೇಕಿತ್ತು. 2010ರಲ್ಲಿ ಅಲ್ಲಿನ ಕೆಲವು ಸಂಸ್ಥೆಗಳು ಸೇರಿ ವಸಾಹತು ಕಾಲದ 6,000ಕ್ಕೂ ಹೆಚ್ಚು ಚಿತ್ರಗಳ ಪಟ್ಟಿಯನ್ನು ಅಂತರ್ಜಾಲಕ್ಕೆ ಹಾಕಿದವು. 2014ರ ಏಪ್ರಿಲ್‌ನಲ್ಲಿ, ಟಾಕೀಸುಗಳಿಗೆ ಸುದ್ದಿ ಚಿತ್ರ ತೆಗೆಯುತ್ತಿದ್ದ ಬ್ರಿಟಿಷ್ ಪಾಥೆ ಕಂಪನಿ 85,000 ಚಿತ್ರಗಳನ್ನು ಯೂಟ್ಯೂಬಿಗೆ ಬಿಟ್ಟಿತು. ಮರುವರ್ಷ ಅಂಥದೇ ಇನ್ನೊಂದು ಕಂಪನಿ ಮೂವಿಟೋನ್‌ನ ಸಂಗ್ರಹವೂ ಬಂತು. 2017ರಲ್ಲಿ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ 1899ರಿಂದ 1947ರವರೆಗೆ ಭಾರತದಲ್ಲಿ ತೆಗೆದ ಚಿತ್ರಗಳ ಒಂದು ಗುಚ್ಛವನ್ನೇ ತೆರೆದಿಟ್ಟಿತು. ಅಂದರೆ ನಮ್ಮ ಅಜ್ಜ-ಮುತ್ತಜ್ಜರ ಕಾಲದ ರಸ್ತೆ, ಸಂತೆ, ಮೆರವಣಿಗೆಗಳನ್ನು ಈಗ ಹಳೇ ಹುಬ್ಬಳ್ಳಿಯ ಯಾವುದೋ ಓಣಿಯಲ್ಲಿ ಕೂತು ನೋಡಬಹುದು. ಇಷ್ಟು ದೊಡ್ಡ ಗಂಟು ಬಿಚ್ಚಿದ ಮೇಲೆ ಜನ ಅದನ್ನು ಸುಮ್ನೆ ನೋಡಿ ಕೈ ಮುಗಿಯಬೇಕು ಅಂದರೆ ಆಗುತ್ತಾ?

ಡಬ್ಬಿಂಗ್ ಹಾಕಿದರೆ ದಾಖಲೆ ಕೆಡುತ್ತದೆ ಎನ್ನುವವರು ಒಂದು ಸಂಗತಿ ಗಮನಿಸಬೇಕು. ಆ ಚಿತ್ರಗಳಿಗೆ ಮೊದಲು ಡಬ್ಬಿಂಗ್ ಹಾಕಿದವರು ಬ್ರಿಟಿಷರೇ. ಆ ಕಾಲದ ಸುದ್ದಿ ಚಿತ್ರಗಳಲ್ಲಿ ಬಹುಪಾಲು ದೃಶ್ಯಗಳನ್ನು ದನಿ ಇಲ್ಲದೆ ತೆಗೆಯುತ್ತಿದ್ದರು. ಮೂಕಿ ಕಾಲದಲ್ಲಿ ನಡುನಡುವೆ ಅಕ್ಷರದ ಫಲಕ ಬರುತ್ತಿತ್ತು. 1930ರ ದಶಕದಲ್ಲಿ ದನಿ ಬಂದ ಮೇಲೂ ಹೊರಗಡೆ ತೆಗೆದ ದೃಶ್ಯಗಳಿಗೆ ಸ್ಟುಡಿಯೋದಲ್ಲಿ ಬ್ಯಾಂಡ್ ಸಂಗೀತ ಮತ್ತು ಒಬ್ಬ ಸಾಹೇಬನ ಗಂಭೀರ ದನಿ ಸೇರಿಸುವುದೇ ರೂಢಿ. ಚಿತ್ರದಲ್ಲಿ ಮೂಟೆ ಹೊತ್ತವನು ಏನು ಹೇಳುತ್ತಿದ್ದಾನೆ ಎಂಬುದು ನಮಗೆ ಕೇಳುವುದೇ ಇಲ್ಲ. ಅವನ ಬಾಯಿ ಆಡುತ್ತದೆ, ದನಿ ಬೇರೆಯವನದು. ಹೀಗಿರುವಾಗ ಆ ದನಿಯನ್ನು ತೆಗೆದು ಇನ್ನೊಂದು ದನಿ ಹಾಕಿದರೆ ಕೆಟ್ಟದ್ದು ದಾಖಲೆ ಅನ್ನಲು ಬರುವುದಿಲ್ಲ. ಆ ಸಾಹೇಬನ ದನಿಯೂ ಆಮೇಲೆ ಮೆತ್ತಿದ್ದೇ ಎಂದು ಎದ್ದು ಕಾಣುತ್ತದೆ, ಅಷ್ಟೇ. ನನ್ನ ಪ್ರಕಾರ ಇಂಥ ಗೇಲಿಯ ದೊಡ್ಡ ಕೆಲಸವೇ ಇದು.

ಬರೀ ದನಿಯಲ್ಲ, ಶೀರ್ಷಿಕೆಯನ್ನೂ ನಂಬುವಂತಿಲ್ಲ. ಭಾರತದಲ್ಲಿ ತೆಗೆದ ಚಿತ್ರಗಳಲ್ಲಿ ಉಳಿದಿರುವ ತೀರಾ ಹಳೆಯವುಗಳಲ್ಲಿ ಒಂದು 1899ರದು. ಲಂಡನ್ನಿನ ವಾರ್ವಿಕ್ ಟ್ರೇಡಿಂಗ್ ಕಂಪನಿ ಅದನ್ನು ಕಲ್ಕತ್ತಾದ ನೋಟ ಎಂಬ ಹೆಸರಿನಲ್ಲಿ ಮಾರಿತು. ದೋಣಿಯಿಂದ ತೆಗೆದ ಚಿತ್ರ ಅದು. ದಡದ ಮೇಲೆ ಮೆಟ್ಟಿಲು, ಗುಡಿ, ಸ್ನಾನಕ್ಕೆ ಇಳಿದ ಜನ. ಅದು ಕಲ್ಕತ್ತಾ ಅಲ್ಲವೇ ಅಲ್ಲ, ಕಾಶಿಯ ಘಾಟ್. ಕಾಶಿಗೆ ಹೋಗಿ ಬಂದ ನಮ್ಮೂರಿನ ಯಾವ ಅಜ್ಜಿಯಾದರೂ ಕ್ಷಣದಲ್ಲಿ ಹೇಳಿಬಿಡುತ್ತಾಳೆ. ಲಂಡನ್ನಿನ ಪ್ರೇಕ್ಷಕನಿಗೆ ಕಾಶಿಯಾದರೇನು, ಕಲ್ಕತ್ತಾ ಆದರೇನು, ಎರಡೂ ಒಂದೇ. ಈ ಚಿತ್ರದ ಮೇಲೆ ಒಬ್ಬ ಅಜ್ಜಿಯ ದನಿ ಹಾಕಿ, "ಏ ತಮ್ಮಾ, ಇದು ಕಾಶಿ ಅಲ್ಲೇನೋ?" ಎಂದು ಕೇಳಿಸಿದರೆ ಸಾಕು. ನೋಡುವವನು ನಗುತ್ತಾನೆ. ಜೊತೆಗೆ, ಊರಿನ ಹೆಸರನ್ನೇ ಸರಿಯಾಗಿ ಹೇಳದವರು ಆ ಊರನ್ನು ಆಳಿದ್ದು ಹೇಗೆ ಎಂಬ ಪ್ರಶ್ನೆಯೂ ಅವನಿಗೆ ತಟ್ಟುತ್ತದೆ.

ದರ್ಬಾರಿನ ವಿಷಯಕ್ಕೆ ಮತ್ತೆ ಬರಬೇಕು. ಈ ಇಡೀ ಚರ್ಚೆಗೆ ಅದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. 1911ರ ಡಿಸೆಂಬರ್ 12ರಂದು ನಡೆದ ಆ ದರ್ಬಾರನ್ನು ಹಲವು ಕಂಪನಿಗಳು ಚಿತ್ರಿಸಿದವು. ಕೈನೆಮಾಕಲರ್ ಎಂಬ ಪದ್ಧತಿಯಲ್ಲಿ ಬಣ್ಣದಲ್ಲೂ ತೆಗೆದರು. 1912ರಲ್ಲಿ ಅದನ್ನು ಲಂಡನ್ನಿನಲ್ಲಿ ಭಾರಿ ಅದ್ದೂರಿಯಾಗಿ ತೋರಿಸಿದರು. ಚಕ್ರವರ್ತಿಯ ಮುಂದೆ ಇಡೀ ಭಾರತ ತಲೆಬಾಗಿದೆ ಎಂದು ಸಾರುವುದೇ ಆ ಚಿತ್ರಗಳ ಉದ್ದೇಶ. ರಾಜರುಗಳಿಗೆ ಕಟ್ಟುನಿಟ್ಟಾದ ನಿಯಮವಿತ್ತು. ದೊರೆಯ ಮುಂದೆ ಬಂದು ಬಾಗಬೇಕು, ಆಮೇಲೆ ಬೆನ್ನು ತೋರಿಸದೆ ಹಿಂದಕ್ಕೆ ಹೆಜ್ಜೆ ಇಟ್ಟು ಸರಿಯಬೇಕು. ಬರೋಡಾದ ಮೂರನೇ ಸಯಾಜಿರಾವ್ ಗಾಯಕವಾಡ ಬಂದರು. ಉಳಿದವರಂತೆ ಮೈತುಂಬ ವಜ್ರ-ವೈಡೂರ್ಯ ಇರಲಿಲ್ಲ. ಸರಳ ಬಿಳಿ ಉಡುಗೆ, ಕೈಯಲ್ಲಿ ಕೋಲು. ಒಮ್ಮೆ ಸಣ್ಣಗೆ ಬಾಗಿದರು. ತಿರುಗಿ, ಬೆನ್ನು ಹಾಕಿ, ನಡೆದುಹೋದರು.

ಬ್ರಿಟಿಷ್ ಪತ್ರಿಕೆಗಳು ಕೆಂಡವಾದವು. ಗಾಯಕವಾಡರು ವೈಸ್‌ರಾಯ್ ಹಾರ್ಡಿಂಜ್‌ಗೆ ಕ್ಷಮೆಯ ಪತ್ರ ಬರೆದರು. ಗಡಿಬಿಡಿಯಲ್ಲಿ ಹಾಗಾಯಿತು ಎಂಬುದು ಅವರ ಸಮಜಾಯಿಷಿ. ಬೇಕೆಂದೇ ಮಾಡಿದರೋ, ಗಾಬರಿಯಲ್ಲಿ ಆಯಿತೋ ಎಂದು ಇತಿಹಾಸಕಾರರು ಇವತ್ತಿಗೂ ವಾದಿಸುತ್ತಾರೆ. ಈ ವಾದಕ್ಕೆ ಒಂದು ದೊಡ್ಡ ಆಧಾರ ಆ ಫಿಲ್ಮೇ. ಸಾಮ್ರಾಜ್ಯದ ವೈಭವ ತೋರಿಸಲು ಇಟ್ಟ ಕ್ಯಾಮೆರಾ, ಸಾಮ್ರಾಜ್ಯಕ್ಕೆ ಆದ ಮುಜುಗರವನ್ನೂ ಹಿಡಿದಿಟ್ಟಿತು. ಹಳೆಯ ಫುಟೇಜಿನ ಶಕ್ತಿ ಇಲ್ಲಿದೆ. ಕ್ಯಾಮೆರಾ ಹಿಡಿದವನು ತನಗೆ ಬೇಕಾದ ಕಡೆಗೇ ಮುಖ ಮಾಡುತ್ತಾನೆ, ಖರೆ. ಆದರೆ ಮುಂದೆ ನಡೆಯುವುದೆಲ್ಲ ಅವನ ಮಾತು ಕೇಳುವುದಿಲ್ಲ. ಮೂಲೆಯಲ್ಲಿ ಯಾರೋ ಆಕಳಿಸುತ್ತಾರೆ, ಯಾರೋ ಕ್ಯಾಮೆರಾವನ್ನೇ ದಿಟ್ಟಿಸಿ ನೋಡುತ್ತಾರೆ. ಗೇಲಿ ಮಾಡುವವನು ಅಲ್ಲಿ ಕಣ್ಣು ಹಾಯಿಸಬೇಕು.

ಇದೇ ಕಾರಣಕ್ಕೆ ಗಾಯಕವಾಡರ ಆ ತುಣುಕನ್ನು ವೇಗ ಹೆಚ್ಚಿಸಿ, ಸಿನಿಮಾ ಹಾಡು ಹಾಕಿ, ಹೀರೋ ಎಂಟ್ರಿ ಮಾಡಿ ತೋರಿಸುವುದು ನನಗೆ ಹಿಡಿಸುವುದಿಲ್ಲ. ಅದು ಬಂಡಾಯವೇ ಹೌದು ಎಂದು ನಾವೇ ತೀರ್ಪು ಕೊಟ್ಟಂತಾಗುತ್ತದೆ. ಅದೇ ತುಣುಕನ್ನು ಎರಡು ಸಲ ತೋರಿಸಿ ನೋಡಿ. ಒಮ್ಮೆ ಲಂಡನ್ ಪತ್ರಿಕೆಯ ಸಿಟ್ಟಿನ ದನಿ, ಒಮ್ಮೆ ಕ್ಷಮೆ ಪತ್ರದ ದನಿ. ದೃಶ್ಯ ಒಂದೇ, ಅರ್ಥ ಎರಡು. ಚಿತ್ರಕ್ಕಿಂತ ಅದರ ಮೇಲಿನ ಮಾತು ನಮ್ಮನ್ನು ಹೇಗೆ ಎಳೆದಾಡುತ್ತದೆ ಎಂಬುದು ಎಂಟನೇ ಕ್ಲಾಸಿನ ಹುಡುಗನಿಗೂ ತಿಳಿಯುತ್ತದೆ.

ಬೇರೆ ದೇಶಗಳಲ್ಲಿ ಈ ಕಲೆ ಹಳೆಯದು. ರಷ್ಯಾದ ಎಸ್ಫಿರ್ ಶುಬ್ ಎಂಬ ಹೆಣ್ಣುಮಗಳು 1927ರಲ್ಲಿ ತ್ಸಾರ್ ದೊರೆಯ ಕಾಲದ ಫಿಲ್ಮುಗಳನ್ನೇ ಕತ್ತರಿಸಿ, ಜೋಡಿಸಿ, ಅದೇ ತ್ಸಾರ್ ಆಳ್ವಿಕೆಯನ್ನು ಬಯಲಿಗೆಳೆದಳು. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರೂ ಇದನ್ನೇ ಮಾಡಿದರು. ಹಿಟ್ಲರನ ಪ್ರಚಾರ ಚಿತ್ರದ ಕವಾಯತು ದೃಶ್ಯಗಳನ್ನು ಹಿಂದೆ-ಮುಂದೆ ಓಡಿಸಿ, ಅವನ ಸೈನಿಕರು ಲಂಡನ್ನಿನ ಜನಪ್ರಿಯ ಹಾಡಿಗೆ ಕುಣಿದಂತೆ ತೋರಿಸಿದರು. ತಮ್ಮ ಶತ್ರುವಿನ ಮೇಲೆ ಅವರು ಬಳಸಿದ ಉಪಾಯವನ್ನು ಇವತ್ತು ನಾವು ಅವರ ಚಿತ್ರಗಳ ಮೇಲೆ ಬಳಸಿದರೆ ಯಾರೂ ದೂರುವಂತಿಲ್ಲ.

ನಮ್ಮ ಭಾಗದಲ್ಲಂತೂ ಇದಕ್ಕೆ ಬೇರೆಯದೇ ಬೇರಿದೆ. ದೊಡ್ಡಾಟ ನೋಡಿದವರಿಗೆ ಸಾರಥಿ ಗೊತ್ತು. ರಾಜ ಕಿರೀಟ ಕಟ್ಟಿ, ಭುಜಕೀರ್ತಿ ಹಾಕಿ ಆರ್ಭಟ ಮಾಡುತ್ತ ಬರುತ್ತಾನೆ. ಪಕ್ಕದಲ್ಲೇ ನಿಂತ ಸಾರಥಿ, ತಾವು ಯಾರು, ಯಾವ ಪಟ್ಟಣದವರು, ಇಲ್ಲಿಗೆ ಬಂದ ಕಾರಣವೇನು ಎಂದು ಕೇಳುತ್ತಾನೆ. ರಾಜನ ದೊಡ್ಡ ಮಾತನ್ನು ಊರ ಮಾತಿಗೆ ಇಳಿಸುತ್ತಾನೆ, ನಡುವೆ ಚೇಷ್ಟೆಯನ್ನೂ ಮಾಡುತ್ತಾನೆ. ರಾಜನ ಪಾತ್ರಕ್ಕೆ ಅದರಿಂದ ಕುಂದು ಬರುವುದಿಲ್ಲ. ಜನರಿಗೆ ಮಾತ್ರ ರಾಜನನ್ನು ಪ್ರಶ್ನೆ ಕೇಳಬಹುದು ಎಂಬ ಧೈರ್ಯ ಬರುತ್ತದೆ. ದರ್ಬಾರಿನ ಚಿತ್ರಕ್ಕೆ ಧಾರವಾಡದ ದನಿ ಹಾಕುವ ಹುಡುಗ, ಗೊತ್ತಿದ್ದೋ ಗೊತ್ತಿಲ್ಲದೆಯೋ, ಈ ಸಾರಥಿಯ ಕೆಲಸ ಮಾಡುತ್ತಿದ್ದಾನೆ. ಗೀಗೀ ಪದದವರು ಸ್ವಾತಂತ್ರ್ಯ ಚಳವಳಿಯಲ್ಲಿ ಹಳ್ಳಿ ಹಳ್ಳಿ ತಿರುಗಿ ಹಾಡಿದ್ದೂ ಇದೇ ಬಗೆಯ ಧೈರ್ಯದಿಂದ.

ಇನ್ನೊಂದು ಸಂಗತಿ ಹೇಳದೆ ಮುಂದೆ ಹೋಗಲಾರೆ. ಹಲಗಲಿ ಬೇಡರ ಲಾವಣಿಯನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಸಂಗೊಳ್ಳಿ ರಾಯಣ್ಣನ ಲಾವಣಿ ಕೇಳಿದ್ದೇವೆ. ಇವುಗಳನ್ನು ಸಂಗ್ರಹಿಸಿ 1880ರ ದಶಕದಲ್ಲಿ ಅಚ್ಚು ಹಾಕಿಸಿದವನು ಜಾನ್ ಫೇತ್‌ಫುಲ್ ಫ್ಲೀಟ್. ಮುಂಬೈ ಸರಕಾರದ ಬ್ರಿಟಿಷ್ ಅಧಿಕಾರಿ. ತಮ್ಮ ವಿರುದ್ಧ ಎದ್ದವರನ್ನು ಹೊಗಳುವ ಹಾಡುಗಳನ್ನು ಅವರ ಅಧಿಕಾರಿಯೇ ಜೋಪಾನವಾಗಿ ಬರೆದಿಟ್ಟ. ಆಳುವವರ ಕಪಾಟಿನಲ್ಲಿ ಆಳಿಸಿಕೊಂಡವರ ದನಿಯೂ ಸಿಗುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಹಾಗಾದರೆ ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿಯ ಕಥೆಯನ್ನು ಇಂಥ ಚಿತ್ರಗಳಿಂದ ಹೇಳುವುದು ಹೇಗೆ? ಇಲ್ಲಿ ಒಂದು ದೊಡ್ಡ ತೊಡಕಿದೆ. ಸುದ್ದಿ ಚಿತ್ರದ ಕಂಪನಿಗಳಿಗೆ ದರ್ಬಾರು, ಹುಲಿ ಬೇಟೆ, ವೈಸ್‌ರಾಯ್ ಸವಾರಿ ಬೇಕಿತ್ತು. ನಮ್ಮಂಥ ಊರುಗಳ ಕಡೆ ಅವರ ಮುಖ ತಿರುಗಿದ್ದು ಕಡಿಮೆ. ಕಿತ್ತೂರಿನಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ 1824ರಲ್ಲಿ ಕ್ಯಾಮೆರಾವೇ ಹುಟ್ಟಿರಲಿಲ್ಲ. ಕ್ಯಾಮೆರಾ ಬಂದ ಮೇಲೂ ಅದು ಬೇರೆ ಕಡೆ ನೋಡುತ್ತಿತ್ತು. 1850ರ ದಶಕದಲ್ಲಿ ಮುಂಬೈ ಸರಕಾರ ಈ ಭಾಗದ ಗುಡಿಗಳ ಫೋಟೋ ತೆಗೆಸಿತು. ಬಿಗ್ಸ್, ಪಿಗೂ ಮುಂತಾದವರು ತೆಗೆದ ಆ ಫೋಟೋಗಳು 1866ರಲ್ಲಿ ಲಂಡನ್ನಿನಲ್ಲಿ ದೊಡ್ಡ ಪುಸ್ತಕವಾಗಿ ಬಂದವು. ಗದಗ, ಲಕ್ಕುಂಡಿ, ಡಂಬಳದ ಗುಡಿಗಳ ಬಾಗಿಲವಾಡ, ಕಂಬ, ಕೆತ್ತನೆ ಎಲ್ಲ ಅದೆಷ್ಟು ಚಂದ ಕಾಣುತ್ತವೆ. ಜನ ಮಾತ್ರ ಇಲ್ಲ, ಅಥವಾ ಕಂಬದ ಎತ್ತರ ತಿಳಿಯಲಿ ಎಂದು ನಿಲ್ಲಿಸಿದ ಒಬ್ಬಿಬ್ಬರು. ಅದೇ ಡಂಬಳದಲ್ಲಿ 1858ರ ಮೇ ತಿಂಗಳಲ್ಲಿ ಮುಂಡರಗಿ ಭೀಮರಾಯ ಸರಕಾರದ ಖಜಾನೆಗೆ ಕೈ ಹಾಕಿದ. ಅದೇ ದಿನಗಳಲ್ಲಿ ನರಗುಂದದ ಬಾಬಾಸಾಹೇಬ ಎದ್ದುನಿಂತ, ಬ್ರಿಟಿಷರ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಸುರೇಬಾನದಲ್ಲಿ ಸತ್ತ. ಜೂನ್‌ನಲ್ಲಿ ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಗುಡಿಯ ಶಾಂತವಾದ ಫೋಟೋ, ಅದರ ಮೇಲೆ ಈ ತಾರೀಖು. ಎರಡನ್ನೂ ಒಂದೇ ಚೌಕಟ್ಟಿನಲ್ಲಿ ಇಟ್ಟರೆ ಸಾಕು. ಒಂದು ಜೋಕೂ ಬೇಕಾಗಿಲ್ಲ, ವ್ಯಂಗ್ಯ ತಾನಾಗಿ ಹುಟ್ಟುತ್ತದೆ.

ರೈಲಿನ ವಿಷಯ ಇನ್ನೂ ಗಟ್ಟಿ. ಬ್ರಿಟಿಷರ ಚಿತ್ರಗಳಲ್ಲಿ ರೈಲು ಬಂತೆಂದರೆ ಬ್ಯಾಂಡ್ ಜೋರಾಗುತ್ತದೆ. ನಾವು ಭಾರತಕ್ಕೆ ಕೊಟ್ಟ ಕೊಡುಗೆ ಎಂಬ ಧಾಟಿ. ಹುಬ್ಬಳ್ಳಿಗೆ ರೈಲು ತಂದ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿದ್ದು 1882ರಲ್ಲಿ. ಹೋಟಗಿಯಿಂದ ಗದಗಿನವರೆಗಿನ ಅದರ ಮೀಟರ್ ಗೇಜ್ ಹಳಿ 1884ರಲ್ಲಿ ಶುರುವಾಯಿತು. ಇದನ್ನು ಬರಗಾಲದ ರೈಲು, ಅಂದರೆ ಬರ ಬಿದ್ದಾಗ ಕಾಳು ಸಾಗಿಸಲು ಹಾಕಿದ ಹಳಿ, ಎಂದೇ ಲೆಕ್ಕ ಹಿಡಿಯುತ್ತಿದ್ದರು. ಯಾವ ಬರ? 1876ರಿಂದ 78ರ ಬರ. ಧಾತು, ಈಶ್ವರ ಸಂವತ್ಸರಗಳ ಬರ ಎಂದು ಹಳಬರು ಹೇಳುತ್ತಿದ್ದುದು ಇದನ್ನೇ. ಬರ ಶುರುವಾಗಿದ್ದಾಗಲೇ, 1877ರ ಜನವರಿ 1ರಂದು, ವೈಸ್‌ರಾಯ್ ಲಿಟ್ಟನ್ ದೆಹಲಿಯಲ್ಲಿ ದರ್ಬಾರು ನಡೆಸಿ ವಿಕ್ಟೋರಿಯಾಳನ್ನು ಭಾರತದ ಚಕ್ರವರ್ತಿನಿ ಎಂದು ಸಾರಿದ. ಅದೇ ತಿಂಗಳು ಬರದ ಉಸ್ತುವಾರಿಗೆ ಬಂದ ರಿಚರ್ಡ್ ಟೆಂಪಲ್ ಪರಿಹಾರ ಕೆಲಸದ ಕೂಲಿ ಇಳಿಸಿದ. ದುಡಿಯುವ ಗಂಡಸಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಅಂದರೆ ಸುಮಾರು 450 ಗ್ರಾಂ, ಮೇಲೆ ಒಂದು ಆಣೆ. ಆ ವರ್ಷಗಳಲ್ಲೂ ಭಾರತದಿಂದ ಗೋಧಿ ಹಡಗು ಹತ್ತುವುದು ನಿಲ್ಲಲಿಲ್ಲ. 1872ರ ಜನಗಣತಿಯಲ್ಲಿ ಇದ್ದುದಕ್ಕಿಂತ 1881ರಲ್ಲಿ ಧಾರವಾಡ ಜಿಲ್ಲೆಯ ಜನಸಂಖ್ಯೆ ಕಡಿಮೆಯಾಗಿತ್ತು.

ಹತ್ತಿಯ ಕಥೆಯೂ ಇದಕ್ಕೆ ಹೆಣೆದುಕೊಂಡಿದೆ. ಮ್ಯಾಂಚೆಸ್ಟರ್ ಗಿರಣಿಗಳಿಗೆ ಉದ್ದ ಎಳೆಯ ಹತ್ತಿ ಬೇಕು ಎಂದು 1840ರ ದಶಕದಲ್ಲಿ ಕಂಪನಿ ಸರಕಾರ ಅಮೆರಿಕದ ಹತ್ತಿ ಬೆಳೆಗಾರರನ್ನೇ ಹುಬ್ಬಳ್ಳಿ ಕಡೆಗೆ ಕಳಿಸಿತ್ತು. ಧಾರವಾಡ-ಅಮೆರಿಕನ್ ಎಂಬ ಹತ್ತಿಯ ಹೆಸರು ಹುಟ್ಟಿದ್ದು ಹಾಗೆ. 1861ರಿಂದ 65ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಇಲ್ಲಿ ಹತ್ತಿಗೆ ಬಂಗಾರದ ಬೆಲೆ. ಯುದ್ಧ ಮುಗಿಯಿತು, ಬೆಲೆ ಬಿತ್ತು. ಹತ್ತು-ಹನ್ನೊಂದು ವರ್ಷ ಕಳೆಯುವಷ್ಟರಲ್ಲಿ ಬರ ಬಂತು. ಆಮೇಲೆ ಬಂದ ರೈಲು ಕಾಳನ್ನು ತಂದಿತು, ಹತ್ತಿಯನ್ನು ಬಂದರಿಗೂ ಒಯ್ದಿತು.

ಭಾರತದ ರೈಲಿನ ಬಗ್ಗೆ ಬ್ರಿಟಿಷರು ತೆಗೆದ ಯಾವುದಾದರೂ ಸುದ್ದಿ ಚಿತ್ರ ತಗೊಳ್ಳಿ. ಅದರ ದನಿಯನ್ನು ಹಾಗೇ ಬಿಡಿ. ದನಿ ಕೊಡುಗೆಯ ಬಗ್ಗೆ ಮಾತಾಡುವ ಕಡೆ, ಚಿತ್ರದ ಕೆಳಗೆ ಎರಡು ಸಾಲು ಬರಲಿ: 1877, ಒಂದು ಪೌಂಡ್ ಧಾನ್ಯ, ಒಂದು ಆಣೆ. ಬ್ಯಾಂಡ್ ನಿಲ್ಲದಿರಲಿ. ನಮ್ಮ ಹುಡುಗರು ಎಲ್ಲ ಕಡೆ ಮಾತು ತುಂಬಲು ಹೋಗುತ್ತಾರೆ. ಮೂಲ ದನಿಯನ್ನೇ ಬಿಟ್ಟು, ಅದು ತನ್ನ ಬಣ್ಣ ತಾನೇ ಬಯಲು ಮಾಡಿಕೊಳ್ಳಲು ಜಾಗ ಕೊಡುವುದು ಇದಕ್ಕಿಂತ ಕಷ್ಟದ ಕೆಲಸ. ಅಮೆರಿಕದಲ್ಲಿ 1982ರಲ್ಲಿ ಅಣುಬಾಂಬಿನ ಬಗ್ಗೆ ಬಂದ ಒಂದು ಪ್ರಸಿದ್ಧ ಸಾಕ್ಷ್ಯಚಿತ್ರ ಹೀಗೇ ಮಾಡಿತು. ಹೊಸದಾಗಿ ನಿರೂಪಣೆಯ ಒಂದು ಮಾತೂ ಸೇರಿಸಲಿಲ್ಲ. ಸರಕಾರದ ಹಳೆಯ ಪ್ರಚಾರ ಚಿತ್ರಗಳನ್ನು ಸಾಲಾಗಿ ಜೋಡಿಸಿತು, ಅಷ್ಟೇ.

ರೈಲು ಬರದಿದ್ದರೆ ಇವತ್ತಿನ ಹುಬ್ಬಳ್ಳಿ ಇರುತ್ತಿರಲಿಲ್ಲ, ಇದನ್ನೂ ಹೇಳಬೇಕು. ರೈಲ್ವೆ ವರ್ಕ್‌ಶಾಪಿನ ಸೈರನ್ ನಂಬಿ ಬದುಕು ಕಟ್ಟಿದ ಮನೆಗಳು ಇಲ್ಲಿ ಸಾವಿರಾರು. 1507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಬಗ್ಗೆ ನಮಗೆಲ್ಲ ಹೆಮ್ಮೆ ಇದೆ. ಆ ಹಳಿಯ ಮೇಲೆ ದುಡಿದ ಗ್ಯಾಂಗ್‌ಮನ್, ಫಿಟ್ಟರ್, ಪಾಯಿಂಟ್ಸ್‌ಮನ್ ನಮ್ಮವರೇ. ರೈಲೆಂದರೆ ಬರೀ ಲೂಟಿ ಎಂದು ತೋರಿಸುವ ರೀಲ್ಸ್ ಅವರ ದುಡಿಮೆಯನ್ನೂ ಅಳಿಸಿಹಾಕುತ್ತದೆ. ಗೇಲಿ ಮಾಡಬೇಕಾದ್ದು ಕೊಡುಗೆ ಎಂಬ ಮಾತನ್ನು. ಹಳಿ ಹಾಕಿದವರು ಯಾರು, ದುಡ್ಡು ಯಾರದು, ಲಾಭ ಎಲ್ಲಿಗೆ ಹೋಯಿತು ಎಂದು ಕೇಳಬೇಕು.

ಚಿತ್ರದೊಳಗೆ ಇರುವ ಬಡವರನ್ನು ನೋಡಿ ನಗಿಸುವ ರೀಲ್ಸ್ ಕಂಡರೆ ನನಗೆ ಸಿಟ್ಟು ಬರುತ್ತದೆ. ಹರಕು ಲಂಗೋಟಿಯ ಕೂಲಿಯವನು, ಮೇಮ್‌ಸಾಹೇಬಳಿಗೆ ಬೀಸಣಿಗೆ ಎಳೆಯುವ ಹುಡುಗ, ತಲೆ ಮೇಲೆ ಬುಟ್ಟಿ ಹೊತ್ತ ಹೆಂಗಸು. ಇವರ ಬಾಯಿಗೆ ಪೆದ್ದ ಮಾತು ತುಂಬಿ ನಗಿಸುವುದು ಸುಲಭ. ಆದರೆ ಆ ಕ್ಯಾಮೆರಾ ಇವರನ್ನು ಆಗಲೇ ಒಮ್ಮೆ ಗೊಂಬೆ ಮಾಡಿತ್ತು. ಅವರ ಒಪ್ಪಿಗೆ ಕೇಳಿರಲಿಲ್ಲ, ಹೆಸರು ಬರೆದುಕೊಂಡಿರಲಿಲ್ಲ. ನೂರು ವರ್ಷದ ಮೇಲೆ ಅವರ ಮೊಮ್ಮಕ್ಕಳಾದ ನಾವೂ ಅದನ್ನೇ ಮಾಡಿದರೆ ಸಾಹೇಬನ ಕೆಲಸವನ್ನೇ ಮುಂದುವರಿಸಿದಂತೆ. ಕೂಲಿಯವನಿಗೆ ಮಾತು ಕೊಡಿ, ಬೇಡ ಅನ್ನುವುದಿಲ್ಲ. ಜಾಣ ಮಾತು ಕೊಡಿ. ಸಾಹೇಬನ ಟೋಪಿ ನೋಡಿ ಅವನು ನಗಲಿ.

ಇದಕ್ಕೆ ಅಂಟಿಕೊಂಡ ಇನ್ನೊಂದು ಮುಜುಗರದ ಮಾತಿದೆ. 1921ರ ಜುಲೈ 1ರಂದು ಧಾರವಾಡದಲ್ಲಿ ಸಾರಾಯಿ ಅಂಗಡಿ ವಿರುದ್ಧ ಪಿಕೆಟಿಂಗ್ ನಡೆಯುತ್ತಿತ್ತು. ಹಿಂದೂ-ಮುಸ್ಲಿಮರು ಕೂಡಿ ನಡೆಸಿದ ಚಳವಳಿ ಅದು. ಪೊಲೀಸರು ಗುಂಡು ಹಾರಿಸಿದರು, ಮೂವರು ಸತ್ತರು. ಜಕಣಿ ಬಾವಿಯ ಹತ್ತಿರ ಹುತಾತ್ಮರ ಸ್ಮಾರಕ ಇದೆ. ಹುಬ್ಬಳ್ಳಿಯಲ್ಲಿ 1942ರ ಆಗಸ್ಟ್‌ನಲ್ಲಿ ನಾರಾಯಣ ಡೋಣಿ ಎಂಬ ಎಳೆಯ ಹುಡುಗ ದುರ್ಗದಬೈಲಿನಲ್ಲಿ ಗುಂಡಿಗೆ ಬಲಿಯಾದ. ಆಜ್ಞೆ ಬ್ರಿಟಿಷ್ ಸರಕಾರದ್ದು. ಬಂದೂಕು ಹಿಡಿಯುತ್ತಿದ್ದ ಕೈ ಬಹಳ ಸಲ ನಮ್ಮವರದೇ. ದರ್ಬಾರಿನಲ್ಲಿ ಬಗ್ಗಿದ ಮಹಾರಾಜರೂ ನಮ್ಮವರೇ. ಎಲ್ಲ ತಪ್ಪನ್ನೂ ಬಿಳಿಯ ಮುಖದ ಮೇಲೆ ಹಾಕಿ ನಕ್ಕುಬಿಟ್ಟರೆ ಆ ಆಳ್ವಿಕೆ ಇಷ್ಟು ವರ್ಷ ಹೇಗೆ ನಡೆಯಿತು ಎಂಬುದು ತಿಳಿಯುವುದೇ ಇಲ್ಲ. ಒಳ್ಳೆಯ ಗೇಲಿ ಬಗ್ಗಿದ ಬೆನ್ನಿನ ಕಡೆಗೂ ಕೈ ತೋರಿಸುತ್ತದೆ.

ಇನ್ನು ಸುಳ್ಳು ಚಿತ್ರಗಳ ಹಾವಳಿ. ಭಗತ್ ಸಿಂಗ್‌ಗೆ ಛಡಿ ಏಟು ಎಂದು ಒಂದು ಫೋಟೋ ವಾಟ್ಸಾಪಿನಲ್ಲಿ ಎಷ್ಟು ಸಲ ಬಂದಿದೆಯೋ. ಅದು ಭಗತ್ ಸಿಂಗ್ ಅಲ್ಲ. 1919ರಲ್ಲಿ ಪಂಜಾಬಿನಲ್ಲಿ ಸೈನಿಕ ಆಡಳಿತ ಇದ್ದಾಗ ಜನರನ್ನು ಬಹಿರಂಗವಾಗಿ ಹೊಡೆಸಿದ ಫೋಟೋ. ನಿಜ ಸಂಗತಿಯೇ ಅಷ್ಟು ಘೋರವಾಗಿದೆ. ಅದಕ್ಕೆ ಸುಳ್ಳು ಹೆಸರು ಅಂಟಿಸಿದ್ದರಿಂದ ಆ ಹೊಡೆತ ತಿಂದ ಅನಾಮಿಕನಿಗೆ ಎರಡನೇ ಸಲ ಅನ್ಯಾಯವಾಯಿತು. ಈಗ ಎಐ ಬಂದಿದೆ. 1930ರ ಹುಬ್ಬಳ್ಳಿ ಎಂದು ಬರೆದರೆ ಸಾಕು, ಗೀರು ಬಿದ್ದ, ನಡುಗುವ, ಥೇಟ್ ಹಳೆಯ ಫಿಲ್ಮು ತಯಾರು. ಹಳೆಯ ಚಿತ್ರಕ್ಕೆ ಬಣ್ಣ ಹಚ್ಚಿ, ಇಲ್ಲದ ದನಿ ಕೂಡಿಸುವುದೂ ಸಲೀಸು. ಹಳೆಯ ಫುಟೇಜಿನ ಗೇಲಿಗೆ ಬಲ ಬರುವುದೇ ಇದು ನಿಜವಾಗಿ ನಡೆದದ್ದು, ಅವರೇ ತೆಗೆದದ್ದು ಎಂಬ ನಂಬಿಕೆಯಿಂದ. ಅಡಿಪಾಯ ನಕಲಿ ಆದರೆ ಉಳಿಯುವುದು ಬರೀ ಬೈಗುಳ. ಸಾಮ್ರಾಜ್ಯವನ್ನು ಈಗಲೂ ಹೊಗಳುವವರಿಗೆ, "ನೋಡಿ, ಇವರ ಸಾಕ್ಷಿಯೇ ಸುಳ್ಳು" ಎನ್ನಲು ನಾವೇ ದಾರಿ ಮಾಡಿಕೊಟ್ಟಂತೆ. ಎಐ ಚಿತ್ರಗಳ ಮೇಲೆ ಗುರುತು ಹಾಕಬೇಕು ಎಂದು ಕೇಂದ್ರ ಸರಕಾರ 2025ರ ಅಕ್ಟೋಬರ್‌ನಲ್ಲಿ ಕರಡು ನಿಯಮ ಹೊರಡಿಸಿತು, 2026ರ ಫೆಬ್ರವರಿಯಲ್ಲಿ ನಿಯಮ ಜಾರಿಗೂ ಬಂತು. ಇತಿಹಾಸದ ವಿಷಯದಲ್ಲಿ ಬರೀ ನಿಯಮ ನಂಬಿ ಕೂರದೆ ಆ ಗುರುತನ್ನು ನಾವೇ ಹಾಕಬೇಕು.

ಚಿತ್ರವೇ ಇಲ್ಲದ ಕಡೆ ಎಐ ಚಿತ್ರ ಮಾಡಿದರೆ ತಪ್ಪೇನು ಎಂದು ಕೇಳುವವರಿದ್ದಾರೆ. ನನ್ನ ಉತ್ತರ ಇಷ್ಟೇ: ಚಿತ್ರ ಇಲ್ಲದಿರುವುದೂ ಒಂದು ಸಾಕ್ಷಿ. ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ 1930ರಲ್ಲಿ ಗಾಂಧೀಜಿ ಜೊತೆ ದಂಡಿಗೆ ನಡೆದ. ಮೊದಲ ದಿನ ಆಶ್ರಮದಿಂದ ಹೊರಟ ತಂಡದಲ್ಲಿ ಕನ್ನಡ ನಾಡಿನ ಹುಡುಗ ಅವನೊಬ್ಬನೇ. ಆ ಯಾತ್ರೆಯ ಫುಟೇಜ್ ಇವತ್ತು ಎಲ್ಲರೂ ನೋಡುತ್ತಾರೆ. ಆಗ ಮುಂಬೈನ ಕಂಪನಿಗಳು ತೆಗೆದ ದಂಡಿಯಾತ್ರೆಯ ಚಿತ್ರಗಳನ್ನು ಸರಕಾರ ನಿಷೇಧಿಸಿತ್ತು. 1943ರ ಹೊತ್ತಿಗೆ ಸರಕಾರ ಒಪ್ಪಿದ ಯುದ್ಧ ಪ್ರಚಾರದ ಚಿತ್ರಗಳನ್ನು ಟಾಕೀಸುಗಳು ಕಡ್ಡಾಯವಾಗಿ ತೋರಿಸಬೇಕು ಎಂಬ ನಿಯಮ ಬಂತು. ಮುಂಬೈ ಪ್ರಾಂತದಲ್ಲಿದ್ದ ಹುಬ್ಬಳ್ಳಿಗೂ ಅದು ತಪ್ಪಲಿಲ್ಲ. ಅದೇ ವರ್ಷ ಬಂಗಾಳದಲ್ಲಿ ಲಕ್ಷಗಟ್ಟಲೆ ಜನ ಹಸಿವಿನಿಂದ ಸತ್ತರು. ಅದೇ ವರ್ಷದ ಏಪ್ರಿಲ್ 1ರಂದು ಹಾವೇರಿ ಹತ್ತಿರದ ಹೊಸರಿತ್ತಿಯಲ್ಲಿ ಮಹಾದೇವಪ್ಪ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಪೊಲೀಸರ ಗುಂಡಿಗೆ ಬಿದ್ದರು. ಆ ಯುದ್ಧ ಪ್ರಚಾರ ಚಿತ್ರದಲ್ಲಿ ಗೆಲುವಿನ ಬ್ಯಾಂಡ್ ನುಡಿಯುತ್ತಿರುವಾಗ ಪರದೆಯನ್ನು ಹತ್ತು ಸೆಕೆಂಡ್ ಕಪ್ಪಾಗಿಸಿ, "ಹೊಸರಿತ್ತಿ, 1 ಏಪ್ರಿಲ್ 1943" ಎಂದು ಬರೆಯಿರಿ. ಎಐ ಮಾಡಿಕೊಡುವ ಯಾವ ಚಿತ್ರಕ್ಕೂ ಆ ಕಪ್ಪು ಪರದೆಯ ಬಲ ಬರುವುದಿಲ್ಲ.

ಕಾನೂನಿನ ಮಾತು ಸ್ವಲ್ಪದರಲ್ಲಿ ಮುಗಿಸುತ್ತೇನೆ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಚಲನಚಿತ್ರಕ್ಕೆ ಪ್ರಕಟವಾದ ಮೇಲೆ 60 ವರ್ಷ ರಕ್ಷಣೆ. ಸ್ವಾತಂತ್ರ್ಯಕ್ಕೂ ಮುಂಚೆ ಪ್ರಕಟವಾದ ಚಿತ್ರಗಳಿಗೆ ಇಲ್ಲಿ ಆ ಅವಧಿ ಮುಗಿದಿದೆ. ವಿಮರ್ಶೆಗಾಗಿ ಬಳಸಲು ಕಾಯ್ದೆಯ 52ನೇ ಕಲಂ ಅವಕಾಶ ಕೊಡುತ್ತದೆ. ಅಣಕಕ್ಕೆ ಬ್ರಿಟನ್ 2014ರಲ್ಲಿ ಪ್ರತ್ಯೇಕ ವಿನಾಯಿತಿ ತಂದಿತು, ನಮ್ಮ ಕಾಯ್ದೆಯಲ್ಲಿ ಹಾಗೆ ಬಿಡಿಸಿ ಬರೆದಿಲ್ಲ. ಆದರೂ ಯೂಟ್ಯೂಬ್ ನಿಮ್ಮ ವಿಡಿಯೋ ಮೇಲೆ ಹಕ್ಕಿನ ನೋಟಿಸ್ ಹಾಕಬಹುದು, ಒಳ್ಳೆಯ ಪ್ರತಿ ಬೇಕಿದ್ದರೆ ಸಂಗ್ರಹಾಲಯ ದುಡ್ಡು ಕೇಳಬಹುದು. ನಮ್ಮ ಮುತ್ತಜ್ಜರ ಮುಖ ನೋಡಲು ನಾವೇ ಪೌಂಡಿನಲ್ಲಿ ಹಣ ಕಟ್ಟುವುದು ಸರಿಯಲ್ಲ. ಇದನ್ನು ಸರಕಾರದ ಮಟ್ಟದಲ್ಲಿ ಎತ್ತಬೇಕು. ಕನಿಷ್ಠ ಶಾಲೆ-ಕಾಲೇಜುಗಳಿಗಾದರೂ ಆ ಚಿತ್ರಗಳು ಬಿಟ್ಟಿಯಾಗಿ ಸಿಗಬೇಕು.

ರೀಲ್ಸ್ ಮಾಡುವ ಗೆಳೆಯರಲ್ಲಿ ನನ್ನ ಕೋರಿಕೆ ದೊಡ್ಡದೇನಲ್ಲ. ಮೂಲ ಚಿತ್ರದ ವರ್ಷ, ತೆಗೆದ ಕಂಪನಿ, ಮೂಲ ದನಿ ಏನು ಹೇಳುತ್ತಿತ್ತು ಎಂಬುದನ್ನು ವಿವರಣೆಯಲ್ಲಿ ಬರೆಯಿರಿ. ಲಿಂಕ್ ಕೊಡಿ. ಬಣ್ಣ, ದನಿ, ವೇಗ ಬದಲಿಸಿದ್ದರೆ ಅದನ್ನೂ ಹೇಳಿ. ಆಮೇಲೆ ಸಂಗೀತಕ್ಕೆ ಆ್ಯಪಿನಲ್ಲಿ ಸಿಗುವ ಟ್ಯೂನ್ ಹುಡುಕುವ ಮುಂಚೆ ನಿಮ್ಮೂರಿನ ಲಾವಣಿ, ಗೀಗೀ ಮೇಳದವರ ಮನೆಗೆ ಒಮ್ಮೆ ಹೋಗಿ. ದರ್ಬಾರಿನ ಆನೆಗಳು ಸಾಲಾಗಿ ಹೋಗುವಾಗ ತುಂತುಣಿ, ದಪ್ಪಿನ ಜೊತೆ ರಾಯಣ್ಣನ ಪದ ಕೇಳಿಸಲಿ. ಹಾಡಿದವರ ಹೆಸರು, ಊರು ಪರದೆ ಮೇಲೆ ಕಾಣುವಂತೆ ಹಾಕಿ. ವಿಡಿಯೋದಿಂದ ದುಡ್ಡು ಬಂದರೆ ಅವರ ಪಾಲು ಅವರಿಗೆ ಕೊಡಿ.